ಕೊಡಗಿನ ತೋಟದ ಬಿಡಾರಕ್ಕೆ ಚೂರಿ: 4 ಇಂಚೋ, 7 ಇಂಚೋ?

ಕಾಡುದಾರಿ:
ಸೆಪ್ಟೆಂಬರ್ ಕೊನೆಗೆ ಕುಟ್ಟದ ಹತ್ತಿರ ಕಾಫಿ ತೋಟದಲ್ಲಿ ನಾಲ್ಕು ದಿನ ಟೆಂಟ್. ಒಂದು ದಿನ ಇರ್ಪುವಿನಿಂದ ಬ್ರಹ್ಮಗಿರಿ. ಮಡಚದ ಚೂರಿ ಒಂದೇ ಒಂದು ಕೊಳ್ಳಬೇಕು. ತರಕಾರಿ, ಹಗ್ಗ, ಒಲೆಗೆ ಸೌದೆ, ಸ್ವಲ್ಪ ಬಿದಿರು, ಇಷ್ಟು ಕೆಲಸ. ಅಲಗು ಎಷ್ಟುದ್ದ, ಎಷ್ಟು ದಪ್ಪ? ಸ್ಟೇನ್‌ಲೆಸ್ಸೋ ಕಾರ್ಬನ್ನೋ?

ಸಾಣೆಕಲ್ಲು:
4 ಇಂಚು, ಅಂದರೆ 10 ಸೆಂ.ಮೀ. ದಪ್ಪ 2.5ರಿಂದ 3 ಮಿ.ಮೀ. 5 ಮಿ.ಮೀ. ಅಲಗು ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ಆಲೂಗಡ್ಡೆ ಹೆಚ್ಚಲು ಹೋದರೆ ಹೋಳಾಗುವ ಮೊದಲೇ ಸೀಳಿಬಿಡುತ್ತದೆ.

ಸೌದೆಯ ಲೆಕ್ಕ ಹೀಗೆ. ಅಲಗನ್ನು ಸೌದೆಯ ತಲೆಗಿಟ್ಟು ಬೆನ್ನಿಗೆ ಕೊರಡಿನಿಂದ ಬಡಿಯುವಾಗ ಮೊನೆಯ ಕಡೆ 3 ಸೆಂ.ಮೀ. ಆಚೆ ಚಾಚಿರಬೇಕು. ಇಲ್ಲವಾದರೆ ಅಲಗು ಹೂತ ಮೇಲೆ ಬಡಿಯಲು ಜಾಗವೇ ಇರುವುದಿಲ್ಲ. ಹಾಗಾಗಿ 6–7 ಸೆಂ.ಮೀ. ದಪ್ಪದ ಕೊಂಬೆಯೇ ಮಿತಿ. ಮಳೆ ಇನ್ನೂ ಬಿಡದ ಆ ದಿನಗಳಲ್ಲಿ ಬೇಕಾಗುವುದೂ ಅಷ್ಟೇ: ಮಣಿಕಟ್ಟು ದಪ್ಪದ ಸತ್ತ ಕೊಂಬೆ ಸೀಳಿ, ಒದ್ದೆ ಸಿಪ್ಪೆ ಬಿಟ್ಟು, ಒಳಗಿನ ಒಣ ಭಾಗ ತೆಗೆಯುವುದು. ಗಂಟಿರುವ ಕಡೆ ಬಡಿಯಬೇಡಿ. ಸಿಕ್ಕಿಕೊಂಡರೆ ಹಿಡಿ ತಿರುಚಬೇಡಿ, ಅಲಗಿನ ಬಾಯಿ ಮುಕ್ಕಾಗುವುದು ಅಲ್ಲೇ.

ತೋಟದಂಚು:
ಬಿದಿರಿಗೆ 7 ಇಂಚಿನದೂ ಸಾಲದು. ಮುಂಭಾರದ ತೋಟದ ಕತ್ತಿಯೇ ಬೇಕು, ಅದು ತೋಟದಲ್ಲೇ ಸಿಗುತ್ತದೆ, ಕೇಳಿ ಪಡೆಯಿರಿ. ಬಿದಿರ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಸಣ್ಣ ಚೂರಿಯ ಹರಿತ ಬೇಗ ಹೋಗುತ್ತದೆ.

ಉಕ್ಕು: ಸ್ಟೇನ್‌ಲೆಸ್. ಕಾರ್ಬನ್ ಉಕ್ಕು ಸಾಣೆಗೆ ಸುಲಭ, ನಿಜ. ಆದರೆ ಆ ತೇವದಲ್ಲಿ ಒರೆಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕಿನ ಚುಕ್ಕೆ. ಕೊಡಗಿನ ಅಡುಗೆಯ ಹುಳಿರಸ ಕಾಚಂಪುಳಿಯೋ ಕಿತ್ತಳೆ ರಸವೋ ತಾಗಿದರೆ ನಿಮಿಷಗಳಲ್ಲೇ ಕಪ್ಪಾಗುತ್ತದೆ (ಆ ಕಪ್ಪು ಕೆಟ್ಟದ್ದಲ್ಲ, ಕೆಂಪು ತುಕ್ಕು ಮಾತ್ರ ಕೆಟ್ಟದ್ದು). ಕಾರ್ಬನ್ನೇ ಬೇಕೆಂದರೆ ಪ್ರತಿ ಸಲ ಒರೆಸಿ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಚರ್ಮದ ಒರೆ ಬೇಡವೇ ಬೇಡ: ನೀರು ಹೀರುತ್ತದೆ, ಬೂಸ್ಟು ಹಿಡಿಯುತ್ತದೆ, ಒಳಗಿನ ಅಲಗನ್ನೂ ಕೆಡಿಸುತ್ತದೆ. ತಳದಲ್ಲಿ ನೀರಿಳಿಯುವ ತೂತಿರುವ ಪ್ಲಾಸ್ಟಿಕ್ ಒರೆ ನೋಡಿ.

ಗಡಿಕಲ್ಲು:
ಬ್ರಹ್ಮಗಿರಿ ಹತ್ತುವ ದಿನ ಚೂರಿ ಬಿಡಾರದಲ್ಲೇ ಇರಲಿ. ಅದು ಅಭಯಾರಣ್ಯ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 31ನೇ ಕಲಮಿನಂತೆ ಲಿಖಿತ ಪೂರ್ವಾನುಮತಿ ಇಲ್ಲದೆ ಒಳಗೆ ಆಯುಧ ಒಯ್ಯುವಂತಿಲ್ಲ. ಅದೇ ಕಾಯ್ದೆಯ ಆಯುಧದ ವ್ಯಾಖ್ಯೆಯಲ್ಲಿ ಚೂರಿಯ ಹೆಸರೇ ಇದೆ, 4 ಇಂಚಿಗೆ ರಿಯಾಯಿತಿ ಇಲ್ಲ. ಚಾರಣದ ಟಿಕೆಟ್ ಬೇರೆ, ಈ ಅನುಮತಿ ಬೇರೆ. ಪುಷ್ಪಗಿರಿ, ತಲಕಾವೇರಿ, ನಾಗರಹೊಳೆಗೂ ಇದೇ ಮಾತು.

ಕಾಡುದಾರಿ:
ಹಾಗಾದರೆ 4 ಇಂಚು, ಸ್ಟೇನ್‌ಲೆಸ್. ಹಿಡಿ ನೋಡುವುದು ಹೇಗೆ?

ಸಾಣೆಕಲ್ಲು:
ಮುಷ್ಟಿ ಕಟ್ಟಿದಾಗ ನಾಲ್ಕೂ ಬೆರಳು ಕೂತು ಹಿಂದೆ ಒಂದು ಸೆಂ.ಮೀ. ಮಿಗಬೇಕು. ಹೆಚ್ಚಿನವರಿಗೆ 11 ಸೆಂ.ಮೀ. ಸರಿಹೋಗುತ್ತದೆ. ನಯವಾದ ಮರದ ಹಿಡಿಗಿಂತ ರಬ್ಬರಿನದು ವಾಸಿ, ಬೆರಳಿನ ಮುಂದೆ ತಡೆ ಇರಲೇಬೇಕು. ಅಂಗಡಿಯಲ್ಲಿ ಅಲಗನ್ನು ಒರೆಯೊಳಗೇ ಬಿಟ್ಟು, ಕೈ ಒದ್ದೆ ಮಾಡಿಕೊಂಡು ಹಿಡಿದು ಮುಂದಕ್ಕೆ ಒತ್ತಿ ನೋಡಿ. ಬೆರಳು ಜಾರಿದರೆ ಬೇರೆಯದು ಕೇಳಿ.