ಮೊದಲು ಕಾಲು ನೋಡಲಿ, ಜಟೆಯ ಮಾತು ಆಮೇಲೆ

ಇದು ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ನನ್ನ ದೊಡವ್ವನ ತಲೆಯಲ್ಲಿ ಜಟೆ ಇದೆ, ಕಾಲಲ್ಲಿ ಗಾಯ ಆಗಿದೆ; ಕಾಕಾ, ಅತ್ತಿ ವೈನಿ ಅನ್ನುವುದು ಆಕೆಯನ್ನೇ. ಬಾಗಲಕೋಟೆ ಕಾಕಾ ಒಂದು ವಿಡಿಯೋ ಹಾಕಿದರು. ಅದರಲ್ಲಿ ಒಬ್ಬ ಡಾಕ್ಟರ್, ಜಟೆ ಇರುವ ಹೆಂಗಸರನ್ನು ತಾನು ಮುಟ್ಟುವುದೇ ಇಲ್ಲ, ಮೊದಲು ಕತ್ತರಿಸಿಕೊಂಡು ಬರಲಿ ಎನ್ನುತ್ತಾರೆ. ಸುತ್ತಲಿದ್ದವರು ಚಪ್ಪಾಳೆ ತಟ್ಟುತ್ತಾರೆ.

ಬಾಗಲಕೋಟೆ ಕಾಕಾ: ಎಲ್ಲರೂ ಪೂರ್ತಿ ನೋಡಿ. ಇಂಥ ಡಾಕ್ಟರ್ ಪ್ರತಿ ತಾಲೂಕಿಗೂ ಒಬ್ಬರು ಬೇಕು.

ವಿಜಯಪುರ ಮಾಮಾ: ಸರಿಯಾಗಿ ಹೇಳಿದ್ದಾರೆ. ಮೆತ್ತಗೆ ಹೇಳಿದರೆ ಯಾರು ಕೇಳುತ್ತಾರೆ?

ನಾನು: ಕಾಕಾ, ದಯವಿಟ್ಟು ಈ ವಿಡಿಯೋ ಅಳಿಸಿ. ಈ ಗುಂಪಿಗೆ ಬಂದದ್ದನ್ನೆಲ್ಲ ಮೊಮ್ಮಗಳು ದೊಡವ್ವನಿಗೆ ಹಾಕಿ ತೋರಿಸುತ್ತಾಳೆ. ಇದನ್ನೂ ತೋರಿಸಿದ್ದಾಳೆ. ಸೋಮವಾರ ಆಸ್ಪತ್ರೆಗೆ ಹೋಗೋಣ ಅಂತ ದೊಡವ್ವನನ್ನು ಒಪ್ಪಿಸೋದಕ್ಕೆ ನನಗೆ ಸಾಕುಸಾಕಾಗಿತ್ತು. ಈಗ "ನಾನು ಎಲ್ಲಿಗೂ ಬರುವುದಿಲ್ಲ, ಕಾಲು ಹೀಗೇ ಇರಲಿ" ಅಂತ ಕೂತಿದ್ದಾಳೆ.

ಬಾಗಲಕೋಟೆ ಕಾಕಾ: ಯವ್ವಾ, ವೈನಿಯವರನ್ನು ನೋಯಿಸಬೇಕು ಅಂತ ಹಾಕಿದ್ದಲ್ಲ. ಆದರೆ ಹಾಕಿದ್ದು ತಪ್ಪು ಅಂತಲೂ ನನಗೆ ಅನ್ನಿಸುವುದಿಲ್ಲ. ನಾನು ಮೇಷ್ಟ್ರಾಗಿದ್ದವನು. ನನ್ನ ಕ್ಲಾಸಿನ ಒಬ್ಬ ಹುಡುಗಿಯ ತಲೆಯಲ್ಲಿ ಒಂದು ಎಳೆ ಗಂಟಾಯಿತು. ಮನೆಯವರು ಯಲ್ಲಮ್ಮ ಕರೆದಳು ಅಂದರು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿ, ಮುಂದಿನ ವರ್ಷ ಶಾಲೆಗೇ ಬರಲಿಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿ ನಮ್ಮ ರಾಜ್ಯ 1982ರಲ್ಲೇ ಕಾನೂನು ಮಾಡಿತು. ಆದರೂ ತಲೆಯಲ್ಲಿ ಜಟೆ ಕಂಡರೆ ಸಾಕು, ಇವಳು ದೇವಿಯವಳು ಅನ್ನುವ ಮಾತು ನಿಲ್ಲಲಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಊರಿಂದ ಎಷ್ಟು ದೂರ? ಇದನ್ನು ಯಾರಾದರೂ ಗಟ್ಟಿಯಾಗಿ ಹೇಳಲೇಬೇಕು.

ನಾನು: ನೀವು ಹೇಳಿದ್ದರಲ್ಲಿ ಒಂದು ಮಾತನ್ನೂ ನಾನು ಅಲ್ಲ ಅನ್ನುವುದಿಲ್ಲ. ಆ ಹುಡುಗಿಯ ವಿಷಯ ನೀವು ಮೊದಲು ಹೇಳಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಗಟ್ಟಿಯಾಗಿ ಹೇಳಬೇಕಾದ್ದು ಯಾರಿಗೆ ಕಾಕಾ? ಆ ಹುಡುಗಿಯ ತಲೆಗೆ ದೇವಿಯ ಅರಿಶಿನದ ಭಂಡಾರ ಹಚ್ಚಿದವರಿಗೆ. ಡಾಕ್ಟರ್ ಬೈಯುತ್ತಿರುವುದು ಯಾರನ್ನು? ಜ್ವರಕ್ಕೋ, ಗಾಯಕ್ಕೋ ಔಷಧ ಕೇಳಿಕೊಂಡು ಬಂದ ಹೆಂಗಸನ್ನು.

ಸವದತ್ತಿ ಅತ್ತಿ: ನಿಮಗೆ ಯಾರಿಗೂ ಗೊತ್ತಿಲ್ಲದ್ದನ್ನು ನಾನು ಹೇಳುತ್ತೇನೆ. ವೈನಿಗೆ ಜಟೆ ಬಂದಾಗ ನಾನು ಮನೆಯಲ್ಲೇ ಇದ್ದೆ. ಕೊನೆಯ ಹೆರಿಗೆ ಆದ ಮೇಲೆ ಜ್ವರ ಹಿಡಿದು ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದಳು. ಬಾಚುವವರು ಯಾರು? ಎಲ್ಲರೂ ಹೊಲಕ್ಕೆ ಹೋಗುತ್ತಿದ್ದೆವು. ಏಳುವ ಹೊತ್ತಿಗೆ ಕೂದಲು ಗಂಟಾಗಿತ್ತು. ಅವ್ವ ನೋಡಿ, ತಾಯಿ ಬಂದಿದ್ದಾಳೆ ಅಂದಳು. ಯಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋದೆವು. ಭಂಡಾರ ಹಚ್ಚಿದೆವು. ಪಡ್ಡಲಗಿ, ಅಂದರೆ ದೇವಿಯ ಬುಟ್ಟಿ, ತುಂಬಿಸಿದೆವು. ನನಗೆ ತಾಯಿಯ ಮೇಲೆ ನಂಬಿಕೆ ಇದೆ, ಅದನ್ನು ಯಾರೂ ಕೇಳಬೇಡಿ. ಆದರೆ ವೈನಿ ತಾನಾಗಿ ಬಯಸಿ ಜಟೆ ಬಿಟ್ಟವಳಲ್ಲ.

ನಾನು: ಇದನ್ನು ಹೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ ಅತ್ತಿ. ಕಾಕಾ, ಕೇಳಿದಿರಲ್ಲ? ಬಾಣಂತಿಯ ತಲೆ ಬಾಚಲಿಲ್ಲ, ಆಮೇಲೆ ಅದಕ್ಕೇ ಪೂಜೆ ಮಾಡಿದೆವು, ಈಗ ಅದೇ ಜಟೆಗಾಗಿ ಡಾಕ್ಟರ್ ಬೈದರೆ ಚಪ್ಪಾಳೆ ತಟ್ಟುತ್ತೇವೆ. ಮೂರೂ ಸಲ ದೊಡವ್ವನನ್ನು ಯಾರೂ ಏನೂ ಕೇಳಲಿಲ್ಲ.

ಇನ್ನೊಂದು ಹೇಳುತ್ತೇನೆ. ಮಂಗಳವಾರ, ಶುಕ್ರವಾರ ಓಣಿಯ ಹೆಂಗಸರು ಬಂದು ಆಕೆಯ ಕಾಲು ಮುಟ್ಟುತ್ತಾರೆ. ಆ ಮನೆಯಲ್ಲಿ ದೊಡವ್ವನಿಗೆ ಬೇರೆ ಯಾವ ಮರ್ಯಾದೆ ಸಿಕ್ಕಿತ್ತು? ಕತ್ತರಿಸು ಅಂದರೆ ಬರೀ ಕೂದಲು ಕತ್ತರಿಸು ಅಂದ ಹಾಗಲ್ಲ. ಅದು ಗೊತ್ತಿದ್ದು ಮಾತಾಡಬೇಕು.

ವಿಜಯಪುರ ಮಾಮಾ: ಇಷ್ಟೆಲ್ಲ ಯಾಕೆ? ಕಾಲಿಗೆ ಆಪರೇಷನ್ ಆದರೆ ಮತ್ತು ಬರಿಸುತ್ತಾರಲ್ಲ, ಆಗ ಕತ್ತರಿಸಿಬಿಡಿ ಅಂತ ಡಾಕ್ಟರಿಗೆ ಹೇಳಿದರೆ ಆಯಿತು. ಎದ್ದ ಮೇಲೆ ಎರಡು ದಿನ ಅಳುತ್ತಾಳೆ, ಆಮೇಲೆ ಸರಿ ಹೋಗುತ್ತಾಳೆ.

ಪುಟ್ಟಿ: ಮಾಮಾ, ಹಾಗೆ ಮಾಡುವ ಹಾಗೇ ಇಲ್ಲ! ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಬಳಸಬಾರದು ಅಂತ 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಾಲಿಗೆ ಸಹಿ ಹಾಕಿಸಿಕೊಂಡು ತಲೆಗೆ ಕತ್ತರಿ ಹಾಕುವುದು ಎಂದರೆ ಆಕೆಗೆ ಮೋಸ ಮಾಡಿದ ಹಾಗೆ. ನಾನು ಓದುತ್ತಿರುವುದು ಎಂಬಿಬಿಎಸ್, ಇನ್ನೂ ಡಾಕ್ಟರ್ ಆಗಿಲ್ಲ. ಆದರೆ ಇಷ್ಟು ನಮಗೆ ಮೊದಲೇ ಕಲಿಸುತ್ತಾರೆ.

ವಿಜಯಪುರ ಮಾಮಾ: ಡಾಕ್ಟರಿಗೂ ಸ್ವಾತಂತ್ರ್ಯ ಇಲ್ಲವೇನಮ್ಮಾ? ವಾಸನೆ, ಹೇನು, ಎಲ್ಲ ಸಹಿಸಿಕೊಂಡು ನೋಡಬೇಕಾ?

ಪುಟ್ಟಿ: ಸ್ವಾತಂತ್ರ್ಯ ಇದೆ. 2002ರ ವೈದ್ಯರ ನಡತೆಯ ನಿಯಮಗಳಲ್ಲೇ ಬರೆದಿದೆ, ಯಾರಿಗೆ ಚಿಕಿತ್ಸೆ ಕೊಡಬೇಕು ಅನ್ನುವುದು ಡಾಕ್ಟರಿಗೆ ಬಿಟ್ಟಿದ್ದು, ತುರ್ತು ಇದ್ದಾಗ ಮಾತ್ರ ಕರೆಗೆ ಓಗೊಡಬೇಕು ಅಂತ. ಆದರೆ ಅದೇ ನಿಯಮದಲ್ಲಿ ತಾಳ್ಮೆ, ನಾಜೂಕುತನ ವೈದ್ಯರಲ್ಲಿ ಇರಬೇಕು ಅಂತಲೂ ಇದೆ.

ಜಟೆಯಿಂದ ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚದಿದ್ದರೆ ಉದುರಿದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಣ್ಣೆ, ಬೆವರು, ಧೂಳು ಸೇರಿ ಉಣ್ಣೆ ಹೆಣೆದುಕೊಂಡ ಹಾಗೆ ಆಗಿಬಿಡುತ್ತದೆ. ಒಳಗೆ ನೀರು ಹೋದರೆ ಒಣಗುವುದಿಲ್ಲ. ಹೇನು, ಬುಡದಲ್ಲಿ ಹುಣ್ಣು, ಭಾರಕ್ಕೆ ಕುತ್ತಿಗೆ ನೋವು, ಎಲ್ಲ ಆಗಬಹುದು. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣುವುದಿಲ್ಲ. ಮೂರ್ಛೆ ರೋಗಕ್ಕೆ ಮಾಡುವ ಇಇಜಿ ಪರೀಕ್ಷೆಗೆ ತಲೆಯ ಚರ್ಮಕ್ಕೇ ತಂತಿ ಅಂಟಿಸಬೇಕು. ತಲೆಯ ಹಿಂದೆ ದೊಡ್ಡ ಗಂಟಿದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ತಲೆ ಸರಿಯಾಗಿ ಮಲಗಿಸಿ ಉಸಿರಿನ ಕೊಳವೆ ಹಾಕುವುದು ಕಷ್ಟ. ಅಂಥ ಹೊತ್ತಲ್ಲಿ ಡಾಕ್ಟರ್ ಕೂದಲಿನ ಮಾತು ಎತ್ತಲೇಬೇಕು. ಕಾರಣ ಹೇಳಿ ಕೇಳಬೇಕು.

ಕಾಲಿನ ಗಾಯಕ್ಕೂ ಜಟೆಗೂ ಏನು ಸಂಬಂಧ? ಆಪರೇಷನ್ ಮಾಡುವ ಜಾಗದ ಕೂದಲನ್ನೇ ಸುಮ್ನೆ ತೆಗೆಯಬೇಡಿ, ತೀರಾ ಬೇಕಾದರೆ ಕ್ಲಿಪ್ಪರ್ ಬಳಸಿ, ರೇಜರ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಇನ್ನು ಕಾಲಿಗೆ ಬ್ಯಾಂಡೇಜ್ ಕಟ್ಟುವುದಕ್ಕೆ ತಲೆಯ ಕೂದಲು ಯಾಕೆ ಅಡ್ಡ ಬರುತ್ತದೆ?

ಮತ್ತೆ ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಡಾಕ್ಟರುಗಳ ಪುಸ್ತಕದಲ್ಲಿ ಇದಕ್ಕಿರುವ ಹಳೇ ಹೆಸರು ಪ್ಲೈಕಾ ಪೊಲೋನಿಕಾ. ಒಂದು ಕಾಲದಲ್ಲಿ ಪೋಲೆಂಡಿನ ಹಳ್ಳಿಗಳಲ್ಲೂ ಜಟೆ ಇತ್ತು. ಕತ್ತರಿಸಿದರೆ ಕುರುಡಾಗುತ್ತೇವೆ, ಹುಚ್ಚು ಹಿಡಿಯುತ್ತದೆ ಅಂತ ಅಲ್ಲಿಯವರೂ ಹೆದರುತ್ತಿದ್ದರು. ಹೆದರಿದವರನ್ನು ಇನ್ನಷ್ಟು ಹೆದರಿಸಿದರೆ ಆಸ್ಪತ್ರೆಗೆ ಬರುತ್ತಾರಾ?

ಬೆಳಗಾವಿ ಅಣ್ಣ: ಜಟೆ ಬಿಡಿ. ನನ್ನ ಮಗ ಕೂದಲು ಉದ್ದ ಬಿಟ್ಟು ಹಿಂದೆ ರಬ್ಬರ್ ಬ್ಯಾಂಡ್ ಹಾಕುತ್ತಾನೆ. ಜ್ವರ, ಹೊಟ್ಟೆನೋವು ಅಂತ ಹೋದರೆ ಮೊದಲ ಪ್ರಶ್ನೆ "ಏನು ಸೇದುತ್ತೀಯ?" ಹೊಟ್ಟೆ ಮುಟ್ಟಿ ನೋಡಿದ್ದು ಆಮೇಲೆ. ಆ ಹುಡುಗ ಈಗ ಮೈಯಲ್ಲಿ ಹುಷಾರಿಲ್ಲ ಅಂದರೂ ಡಾಕ್ಟರ್ ಹತ್ತಿರ ಬರುವುದಿಲ್ಲ, ಮೆಡಿಕಲ್ ಶಾಪಿಗೆ ಹೋಗಿ ಗುಳಿಗೆ ತರುತ್ತಾನೆ.

ಬಾಗಲಕೋಟೆ ಕಾಕಾ: ಸೇದುತ್ತೀಯಾ ಅಂತ ಕೇಳುವುದು ಡಾಕ್ಟರ ಕೆಲಸ ತಮ್ಮಾ.

ಬೆಳಗಾವಿ ಅಣ್ಣ: ಎಲ್ಲರನ್ನೂ ಕೇಳಲಿ ಕಾಕಾ. ಅದೇ ದಿನ ನಾನೂ ತೋರಿಸಿಕೊಂಡೆ, ನನ್ನನ್ನು ಯಾಕೆ ಕೇಳಲಿಲ್ಲ?

ನಾನು: ಕಾಕಾ, ಹೋದ ಸಲ ಆಸ್ಪತ್ರೆಯಲ್ಲಿ ಏನಾಯಿತು ಅಂತ ನಾನು ಇಲ್ಲಿ ಬರೆದಿರಲಿಲ್ಲ. ದೊಡವ್ವ ಬೇಡ ಅಂದಿದ್ದಳು. ಇವತ್ತು ಕೇಳಿದೆ, ಬರಿ ಅಂದಳು.

ಚೀಟಿ ಮಾಡಿಸಿ ಬೆಳಿಗ್ಗೆಯಿಂದ ಕೂತಿದ್ದೆವು. ಸೆರಗು ತಲೆತುಂಬ ಹೊದ್ದುಕೊಂಡಿದ್ದಳು. ಒಳಗೆ ಹೋದಾಗ ಸೆರಗು ಜಾರಿತು. ಡಾಕ್ಟರ್ ಕಾಲಿನ ಕಡೆ ನೋಡಲೇ ಇಲ್ಲ. "ಇದನ್ನು ಹೊತ್ತುಕೊಂಡು ಇಲ್ಲಿಗ್ಯಾಕೆ ಬಂದೆ? ನಿನ್ನ ದೇವರ ಹತ್ತಿರವೇ ಹೋಗು" ಅಂದರು. ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಆ ಡಾಕ್ಟರಿಗೆ ದೊಡವ್ವನ ಅರ್ಧ ವಯಸ್ಸೂ ಇರಲಿಕ್ಕಿಲ್ಲ. ಸಿಸ್ಟರ್ ಮೂಗು ಮುಚ್ಚಿಕೊಂಡರು. ನಾನು "ಸರ್, ಸಕ್ಕರೆ ಕಾಯಿಲೆ ಇದೆ, ಗಾಯ ನೋಡಿ" ಅಂತ ಎಷ್ಟು ಕೇಳಿಕೊಂಡರೂ "ತಲೆ ಸ್ವಚ್ಛ ಮಾಡಿಸಿಕೊಂಡು ಬರಲಿ" ಅಂದುಬಿಟ್ಟರು. ಬರುವಾಗ ಬಸ್ಸಿನಲ್ಲಿ ದೊಡವ್ವ ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಳೆ. ನೋವಿಲ್ಲ ಅನ್ನುತ್ತಾಳೆ.

ಪುಟ್ಟಿ: ಅಕ್ಕಾ, ನೋವಿಲ್ಲ ಅನ್ನುವುದೇ ಭಯದ ಮಾತು. ಸಕ್ಕರೆ ಜಾಸ್ತಿ ದಿನ ಇದ್ದರೆ ಪಾದದ ನರ ಸತ್ತು ಸ್ಪರ್ಶ ಹೋಗುತ್ತದೆ. ಗಾಯ ಒಳಗೊಳಗೇ ಬೆಳೆದರೂ ಗೊತ್ತಾಗುವುದಿಲ್ಲ. ತಡ ಮಾಡಿದರೆ ಬೆರಳು, ಆಮೇಲೆ ಪಾದ ತೆಗೆಯಬೇಕಾಗಬಹುದು. ಸೋಮವಾರದವರೆಗೂ ಯಾಕೆ ಕಾಯುತ್ತೀರಿ? ಪಾದ ಕಪ್ಪಾಗಿದ್ದರೆ, ಕೆಂಪಾಗಿ ಊದಿದ್ದರೆ, ಜ್ವರ ಇದ್ದರೆ ಈಗಲೇ ಹೊರಡಿ.

ನಾನು: ಊದಿದೆ. ಕಪ್ಪಾಗಿಲ್ಲ. ಜ್ವರ ಇಲ್ಲ ಅನ್ನುತ್ತಾಳೆ.

ಕಾಕಾ, ಆ ವಿಡಿಯೋದ ಡಾಕ್ಟರಿಗೆ ಚಪ್ಪಾಳೆ ಬಿತ್ತು. ಅವರ ಮಾತು ಕೇಳಿ ಎಷ್ಟು ಜನ ಜಟೆ ತೆಗೆಸಿದರೋ ನನಗೆ ತಿಳಿಯದು. ಆದರೆ ಅದನ್ನು ನೋಡಿ ಒಬ್ಬಳು ಆಸ್ಪತ್ರೆ ಬೇಡ ಅಂದದ್ದು ನನ್ನ ಕಣ್ಣೆದುರಿಗೇ ಇದೆ. ಜಟೆ ಹೋಗಬೇಕು ಅನ್ನುವ ನಿಮ್ಮ ಆಸೆ ನನಗೂ ಇದೆ. ಕಾಲು ವಾಸಿಯಾಗಲಿ, ಡಾಕ್ಟರ್ ಮೇಲೆ ಆಕೆಗೆ ನಂಬಿಕೆ ಬರಲಿ. ಆಮೇಲೆ ಅದೇ ಡಾಕ್ಟರ್ "ಅವ್ವಾ, ಕುತ್ತಿಗೆ ನೋಯುತ್ತದಾ? ತಲೆ ಕೆರೆಯುತ್ತದಾ?" ಅಂತ ಕೇಳಲಿ. ಆಗ ದೊಡವ್ವ ಬೇಕು ಅಂದರೆ ಕತ್ತರಿ ನಾನೇ ತಂದುಕೊಡುತ್ತೇನೆ. ಬೇಡ ಅಂದರೂ ಕಾಲಿನ ಔಷಧ ನಿಲ್ಲಬಾರದು.

ಸವದತ್ತಿ ಅತ್ತಿ: ಬುಡದಲ್ಲಿ ಕೆರೆಯುತ್ತದೆ ಅಂತ ನನ್ನ ಹತ್ತಿರ ಹೇಳಿದ್ದಾಳೆ. ತೆಗೆಸಿದರೆ ಮೊಮ್ಮಗಳಿಗೆ ಏನಾದರೂ ಆದೀತು ಅಂತ ಅವಳಿಗೆ ಭಯ.

ಬಾಗಲಕೋಟೆ ಕಾಕಾ: ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆಯಾ? ನನಗೊಂದು ಫೋನ್ ಮಾಡಬಾರದಿತ್ತಾ? ನಾಳೆ ಬೆಳಿಗ್ಗೆಯೇ ಕಾರು ತರುತ್ತೇನೆ. ವಿಡಿಯೋ ಈ ಗುಂಪಿನಿಂದ ತೆಗೆಯುತ್ತೇನೆ, ಬೇರೆ ಕಡೆ ಹಾಕಿದ್ದನ್ನು ತೆಗೆಯುವುದಿಲ್ಲ. ಜಟೆ ವಿಷಯದಲ್ಲಿ ನನ್ನ ಮಾತು ನನ್ನದೇ.

ನಾನು: ಇರಲಿ ಕಾಕಾ. ಆದರೆ ನಾಳೆ ಕಾರಿನಲ್ಲಿ ಆ ಮಾತು ಎತ್ತಬೇಡಿ. ಮತ್ತೆ ಈಗಲೇ ನೀವೇ ದೊಡವ್ವನಿಗೆ ಫೋನ್ ಮಾಡಿ. ನಾನು ಹೇಳಿದರೆ ಕೇಳುತ್ತಿಲ್ಲ.

ಬಾಗಲಕೋಟೆ ಕಾಕಾ: ಮಾಡಿದೆ. ಬರುತ್ತಾರಂತೆ. ಮೊದಲು ಹೋದ ಡಾಕ್ಟರ್ ಬೇಡ ಅಂದರು.

ಪುಟ್ಟಿ: ಬೇರೆಯವರ ಹತ್ತಿರ ಹೋಗೋಣ, ನಾನೂ ವಿಚಾರಿಸುತ್ತೇನೆ. ಹಳೇ ಚೀಟಿ, ನುಂಗುವ ಗುಳಿಗೆಗಳ ಹಾಳೆ ಎಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಇವತ್ತು ಗಾಯಕ್ಕೆ ಅರಿಶಿನ ಹಚ್ಚಬೇಡಿ, ಸ್ವಚ್ಛ ಬಟ್ಟೆ ಸಡಿಲವಾಗಿ ಸುತ್ತಿ. ರಾತ್ರಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ.