ಸ್ಟ್ರೋಕ್ ಆದ ಮೇಲೆ ಅಪ್ಪನಿಗೆ ಎಡಗಡೆ ಗಮನವೇ ಇಲ್ಲ, ಬ್ಯಾಲೆನ್ಸೂ ಇಲ್ಲ. ಕಣ್ಣಿನ ಥೆರಪಿ ಮಾಡಿಸಿದವರು ಇದ್ದೀರಾ?

ಕೇಳಿದವರು, ತಿಪಟೂರು:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 66 ವರ್ಷ. ನಾಲ್ಕು ತಿಂಗಳ ಹಿಂದೆ ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲಿಗೆ ಸ್ವಲ್ಪ ಸ್ವಲ್ಪ ಶಕ್ತಿ ಬಂದಿದೆ, ವಾಕರ್ ಹಿಡಿದು ನಡೆಯುತ್ತಾರೆ. ಮಾತು ಚೆನ್ನಾಗಿದೆ, ತಮಾಷೆನೂ ಮಾಡುತ್ತಾರೆ. ಆದರೆ ಎಡಗಡೆ ಅಂತ ಒಂದಿದೆ ಅನ್ನುವುದೇ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಬಾಗಿಲಿಗೆ ಎಡಭುಜ ಹೊಡೆದುಕೊಳ್ಳುತ್ತಾರೆ. ತಟ್ಟೆಯಲ್ಲಿ ಎಡಗಡೆಯ ಅನ್ನ ಹಾಗೇ ಉಳಿಯುತ್ತದೆ. ಕೂತರೂ ನಿಂತರೂ ಎಡಕ್ಕೆ ವಾಲುತ್ತಾರೆ, ಎರಡು ಸಲ ಬಿದ್ದರು. ಕಣ್ಣಿನ ಡಾಕ್ಟರು ಕಣ್ಣು ಸರಿಯಾಗಿದೆ ಅಂದರು. ಈಗ ಒಂದು ಸೆಂಟರ್‌ನವರು ವಿಷುಯಲ್ ಸ್ಟಿಮ್ಯುಲೇಶನ್ ಥೆರಪಿ 20 ಸಿಟ್ಟಿಂಗ್ ತಗೊಳ್ಳಿ, ದುಡ್ಡು ಪೂರ್ತಿ ಮೊದಲೇ ಕಟ್ಟಿ ಅಂತಿದ್ದಾರೆ. ಪರದೆ ಮೇಲೆ ಚುಕ್ಕಿಗಳು ಓಡುತ್ತವಂತೆ, ಅದನ್ನು ನೋಡುತ್ತಾ ಕೂರಬೇಕಂತೆ. ಮಾಡಿಸಿದವರು ಹೇಳಿ, ಉಪಯೋಗ ಆಯಿತಾ? ಅಮ್ಮನಿಗೆ ಸಾಕಾಗಿ ಹೋಗಿದೆ.

ಮೈಸೂರಿನಿಂದ:

ತಂಗಿ, ಓದುತ್ತಿದ್ದರೆ ನಮ್ಮ ಮನೆಯದೇ ಕಥೆ ಅನ್ನಿಸಿತು. ನಮ್ಮ ಅತ್ತೆಗೆ ಆಗಿ ಎರಡು ವರ್ಷ, ಅವರದೂ ಬಲಗಡೆ ಮೆದುಳು. ನಮಗೆ ಇದು ಗೊತ್ತಾಗಿದ್ದೇ ಊಟದಲ್ಲಿ. ಹಬ್ಬಕ್ಕೆ ಎಲೆ ಹಾಕಿ ಬಡಿಸಿದ್ದೆವು. ಉಪ್ಪೇ ಹಾಕಿಲ್ಲ, ಕೋಸಂಬರಿ ಎಲ್ಲಿ, ನನಗೊಬ್ಬಳಿಗೇ ಯಾಕೆ ಹೀಗೆ ಅಂತ ಜಗಳ ತೆಗೆದರು. ಉಪ್ಪು ಎಲೆಯ ಎಡತುದಿಯಲ್ಲೇ ಇತ್ತು, ಎಲ್ಲಿರಬೇಕೋ ಅಲ್ಲೇ. ಶಾಸ್ತ್ರ ಗೀಸ್ತ್ರ ನೋಡದೆ ಎಲೆಯನ್ನು ಹಿಂದುಮುಂದಾಗಿ ತಿರುಗಿಸಿದೆ. ‘ಈಗ ಬಡಿಸಿದಿರಾ’ ಅಂದರು! ನಮ್ಮ ಯಜಮಾನರು ಅಮ್ಮ ಬೇಕಂತಲೇ ಹೀಗೆ ಮಾಡುತ್ತಾರೆ ಅಂತ ಒಂದು ವಾರ ಮುನಿಸಿಕೊಂಡಿದ್ದರು. ಪೇಪರ್ ಓದುವಾಗಲೂ ಅಷ್ಟೇ, ‘ಮಾರುಕಟ್ಟೆ’ ಅಂತಿದ್ದರೆ ‘ಕಟ್ಟೆ’ ಅಂತ ಓದುವುದು, ಸಾಲಿನ ಮಧ್ಯದಿಂದ ಶುರು ಮಾಡುವುದು, ಆಮೇಲೆ ಈಗಿನವರಿಗೆ ನೆಟ್ಟಗೆ ಬರೆಯೋಕೂ ಬರಲ್ಲ ಅಂತ ಬೈಯುವುದು.

ಆಕ್ಯುಪೇಶನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವವರು) ಹೇಳಿಕೊಟ್ಟಿದ್ದು ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಪೇಪರಿನ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆಯಬೇಕು. ಕೆಂಪು ಕಣ್ಣಿಗೆ ಬೀಳುವ ತನಕ ತಲೆ ತಿರುಗಿಸಬೇಕು, ಆಮೇಲೆ ಓದಬೇಕು. ತಟ್ಟೆಗೂ ಅದೇ, ಎಡಗಡೆ ಒಂದು ಕೆಂಪು ಬಟ್ಟೆ. ನಾನು ಮೊರದಲ್ಲಿ ಅಕ್ಕಿ ಹರಡಿ, ಅವರೆಕಾಳು ಬೆರೆಸಿ ಆರಿಸಲು ಕೊಡುತ್ತಿದ್ದೆ. ಮೊದಲ ವಾರ ಬಲಗಡೆ ಚೊಕ್ಕ, ಎಡಗಡೆ ಕಾಳು ಕಾಳಾಗೇ ಇರುತ್ತಿತ್ತು. ಅತ್ತೆ ‘ಆಯಿತು ತಗೋ’ ಅಂತ ಮೊರ ಕೊಟ್ಟುಬಿಡೋರು. ನಾನು ಏನೂ ಹೇಳದೆ ಮೊರದ ಎಡ ಅಂಚಿಗೆ ಕೆಂಪು ದಾರ ಕಟ್ಟಿ ವಾಪಸ್ ಕೊಡುತ್ತಿದ್ದೆ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಅಳಿಗುಳಿ ಮಣೆ. ನಗಬೇಡಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಕಾಳು ಹಾಕುತ್ತಾ ಹೋದರೆ ಕೈ ಎಡತುದಿಗೆ ಹೋಗಿ ಸುತ್ತು ಬರಲೇಬೇಕು, ಕೈ ಹೋದ ಕಡೆ ಕಣ್ಣೂ ಹೋಗಬೇಕು. ಎಡಗಡೆ ತುಂಬಿದ ಗುಳಿಯನ್ನು ನನ್ನ ಮಗಳು ಬಾಚಿಕೊಂಡಾಗಲೆಲ್ಲ ‘ಅದು ಎಲ್ಲಿತ್ತೇ?’ ಅಂತ ಅತ್ತೆಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೇ ಮುಂದಿನ ಆಟದಲ್ಲಿ ಎಡಗಡೆ ನೋಡುತ್ತಿದ್ದರು. ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ, ಅದಕ್ಕಿಂತ ಜಾಸ್ತಿ ಆದರೆ ಸುಸ್ತಾಗಿ ಎಲ್ಲಾ ತಪ್ಪೋದು. ತಟ್ಟೆ ಸರಿಹೋಗಲು ಮೂರು ತಿಂಗಳು ಹಿಡಿಯಿತು. ಬಾಗಿಲು ಈಗಲೂ ಆಗಾಗ ತಗಲುತ್ತದೆ, ಸುಳ್ಳು ಯಾಕೆ ಹೇಳಲಿ.

ಚುಕ್ಕಿ ಓಡುವ ಥೆರಪಿನೂ ಎಂಟು ಸಿಟ್ಟಿಂಗ್ ಮಾಡಿಸಿದ್ದೆವು. ಅದರಿಂದ ಎಷ್ಟು, ಮೊರದಿಂದ ಎಷ್ಟು, ತಾನಾಗೇ ಎಷ್ಟು ಅಂತ ಹೇಗೆ ಬಿಡಿಸಿ ಹೇಳೋದು? ಎಲ್ಲಾ ಒಟ್ಟಿಗೇ ನಡೀತಿತ್ತು.

ಹುಬ್ಬಳ್ಳಿಯಿಂದ, ಫಿಜಿಯೋಥೆರಪಿಸ್ಟ್:

ಮೈಸೂರಿನ ಮೇಡಂ ಬಾಯಿಂದ ಬಂದ ಕೊನೆಯ ಮಾತೇ ನಿಜವಾದ ಮಾತು. ಮೊದಲ ಕೆಲವು ತಿಂಗಳಲ್ಲಿ ಮೆದುಳು ತಾನಾಗಿಯೇ ವೇಗವಾಗಿ ಸುಧಾರಿಸುತ್ತದೆ, ಆಗ ಯಾವ ಮೆಷಿನ್ ಇಟ್ಟರೂ ಹೆಸರು ಮೆಷಿನ್‌ಗೇ.

ದುಡ್ಡು ಕಟ್ಟುವ ಮೊದಲು ಅಪ್ಪನಿಗೆ ಇರುವುದು ಯಾವ ತೊಂದರೆ ಅಂತ ಗೊತ್ತು ಮಾಡಿಕೊಳ್ಳಿ. ಹೊರಗಿನಿಂದ ಒಂದೇ ತರ ಕಾಣುವ ಎರಡು ಇವೆ. ಹೆಮಿಅನೋಪಿಯಾದಲ್ಲಿ ಎರಡೂ ಕಣ್ಣಿನ ನೋಟದಲ್ಲಿ ಒಂದೇ ಕಡೆಯ ಅರ್ಧ ಹೋಗಿರುತ್ತದೆ. ಅವರಿಗೆ ‘ನನಗೆ ಈ ಕಡೆ ಕಾಣಿಸುತ್ತಿಲ್ಲ’ ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ, ತಲೆ ತಿರುಗಿಸಿ ನೋಡಿಕೊಳ್ಳುತ್ತಾರೆ. ನೆಗ್ಲೆಕ್ಟ್‌ನಲ್ಲಿ ಕಣ್ಣು ನೋಡುತ್ತದೆ, ಮೆದುಳು ಆ ಕಡೆಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಬಲಭಾಗದ ಸ್ಟ್ರೋಕ್‌ನಲ್ಲಿ ಇದು ಜಾಸ್ತಿ. ಇವರಿಗೆ ತಮಗೆ ತೊಂದರೆ ಇದೆ ಅಂತಲೇ ಎಷ್ಟೋ ಸಲ ಅನ್ನಿಸುವುದಿಲ್ಲ, ಅದಕ್ಕೇ ಬೈದರೆ ಪ್ರಯೋಜನವಿಲ್ಲ. ಕೆಲವರಿಗೆ ಎರಡೂ ಇರುತ್ತವೆ. ಕಣ್ಣಿನ ಡಾಕ್ಟರು ಬರೀ ಅಕ್ಷರ ಓದಿಸಿ ಸರಿ ಅಂದರಾ, ಸುತ್ತಲೂ ಎಲ್ಲಿಯ ತನಕ ಕಾಣುತ್ತದೆ ಅಂತ ನೋಡುವ ಫೀಲ್ಡ್ ಟೆಸ್ಟ್ ಮಾಡಿ ಅಂದರಾ? ಕೇಳಿ. ಮನೆಯಲ್ಲಿ ಒಂದು ಗಡಿಯಾರದ ಚಿತ್ರ ಬರೆಸಿ ನೋಡಿ. ಒಂದು ಉದ್ದ ಗೆರೆ ಎಳೆದು ಸರಿಯಾಗಿ ಮಧ್ಯಕ್ಕೆ ಗುರುತು ಹಾಕಲು ಹೇಳಿ. ಎಡಗಡೆಯ ನೆಗ್ಲೆಕ್ಟ್ ಇದ್ದರೆ ಗುರುತು ಸಾಮಾನ್ಯವಾಗಿ ಬಲಕ್ಕೆ ಸರಿದಿರುತ್ತದೆ.

ಇನ್ನು ಆ ಚುಕ್ಕಿಗಳು. ಎಲ್ಲಾ ಒಟ್ಟಿಗೆ ಎಡಕ್ಕೆ ಹರಿಯುತ್ತವೆ, ಕಣ್ಣು ಅವುಗಳ ಹಿಂದೆ ಹೋಗುತ್ತದೆ. ಬಸ್ಸಿನ ಕಿಟಕಿಯಲ್ಲಿ ಮರಗಳನ್ನು ನೋಡುವಾಗ ಕಣ್ಣು ಓಡುತ್ತದಲ್ಲ, ಹಾಗೆ. ಸುಮ್ನೆ ಕೂತು ನೋಡಿದರೆ ಸಾಲದು, ಒಂದೊಂದು ಚುಕ್ಕಿಯನ್ನು ಕಣ್ಣಿಂದ ಹಿಡಿದು ಎಡತುದಿಯ ತನಕ ಬಿಟ್ಟು ಬರಬೇಕು. ಇನ್ನೊಂದು ಪ್ರಿಸಂ ಕನ್ನಡಕ. 1998ರಲ್ಲಿ ಫ್ರಾನ್ಸಿನ ಲಿಯಾನ್‌ನ ರೊಸೆಟ್ಟಿ ತಂಡದವರು ತೋರಿಸಿದ್ದು. ನೋಟವನ್ನು 10 ಡಿಗ್ರಿ ಬಲಕ್ಕೆ ಸರಿಸುವ ಗಾಜು ಹಾಕಿಸಿ ಎದುರಿನ ಗುರುತನ್ನು ಬೆರಳಿನಿಂದ ಮುಟ್ಟಿಸುತ್ತಾರೆ. ಮೊದಲು ಬೆರಳು ಬಲಕ್ಕೆ ತಪ್ಪುತ್ತದೆ, ಆಮೇಲೆ ಕೈ ತಾನೇ ತಿದ್ದಿಕೊಳ್ಳುತ್ತದೆ. ಕನ್ನಡಕ ತೆಗೆದ ಮೇಲೂ ಆ ತಿದ್ದುಪಡಿ ಸ್ವಲ್ಪ ಹೊತ್ತು ಉಳಿದು ಕೈಯೂ ಗಮನವೂ ಎಡಕ್ಕೆ ಸರಿಯುತ್ತವೆ. ಚೆಂದದ ಉಪಾಯ. ಆದರೆ ಆಮೇಲೆ ಬಂದ ಅಧ್ಯಯನಗಳಲ್ಲಿ ಕೆಲವು ಹೌದು ಅಂದವು, ಕೆಲವು ಇಲ್ಲ ಅಂದವು. ಇವೆಲ್ಲವುಗಳಲ್ಲೂ ಟೆಸ್ಟ್ ಹಾಳೆ ಮೇಲೆ ಅಂಕ ಏರಬಹುದು. ಸ್ನಾನ, ಬಟ್ಟೆ, ನಡಿಗೆಯಲ್ಲಿ ಅಷ್ಟೇ ಸುಧಾರಣೆ ಆಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಹಾಗಂತ ಮೋಸ ಅನ್ನುತ್ತಿಲ್ಲ. ಐದು ಸಿಟ್ಟಿಂಗ್ ಮಾಡಿಸಿ, ತಟ್ಟೆಯಲ್ಲಿ ವ್ಯತ್ಯಾಸ ಕಂಡರೆ ಮುಂದುವರಿಸಿ. 20ಕ್ಕೆ ಮುಂಗಡ ಕೇಳಿದರೆ ನಾನಾದರೆ ಕೊಡುವುದಿಲ್ಲ.

ವಾಲುವ ವಿಷಯ. ಸರಿಯಿರುವ ಬಲಗೈಯಲ್ಲೇ ಒತ್ತಿ ತಮ್ಮನ್ನು ಎಡಕ್ಕೆ ತಳ್ಳಿಕೊಳ್ಳುತ್ತಾರಾ, ನೀವು ನೆಟ್ಟಗೆ ಮಾಡಲು ಹೋದರೆ ಇನ್ನೂ ಜೋರಾಗಿ ತಳ್ಳುತ್ತಾರಾ ಗಮನಿಸಿ. ಅದಕ್ಕೆ ಪುಶರ್ ಅನ್ನುತ್ತೇವೆ. ಮೈ ನೆಟ್ಟಗಿದೆಯಾ ಅನ್ನುವ ಒಳಗಿನ ಅಂದಾಜು ಕೆಟ್ಟಿರುತ್ತದೆ, ಆದರೆ ಗೋಡೆ ಕಂಬ ನೆಟ್ಟಗಿದೆಯಾ ಅಂತ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಆದ್ದರಿಂದ ಎಳೆದಾಡಬೇಡಿ. ಬಾಗಿಲ ಚೌಕಟ್ಟಿನ ಎದುರು ಕೂರಿಸಿ ‘ಅಪ್ಪಾ, ಆ ಕಂಬ ನೆಟ್ಟಗಿದೆಯಾ? ನೀವು ಅದರ ಹಾಗೆ ಇದ್ದೀರಾ?’ ಅಂತ ಕೇಳಿ, ಅವರೇ ನೋಡಿಕೊಂಡು ಸರಿಮಾಡಿಕೊಳ್ಳಲಿ. ಪಕ್ಕದಲ್ಲಿ ಒಬ್ಬರು ಹಿಡಿಯಲು ಇರಲೇಬೇಕು.

ಒಂದು ಎಚ್ಚರಿಕೆ, ಸ್ಟ್ರೋಕ್ ಆದ ಮೇಲೆ ಫಿಟ್ಸ್ ಬಂದಿದ್ದರೆ ಮಿಣುಕುವ ಬೆಳಕಿನ ಯಾವ ಥೆರಪಿಗೂ ನ್ಯೂರಾಲಜಿಸ್ಟ್ ಕೇಳದೆ ಕೂರಿಸಬೇಡಿ. ಬೆಂಗಳೂರಿಗೆ ಹೋಗಿ ಬರಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ನ್ಯೂರೋ ರಿಹ್ಯಾಬಿಲಿಟೇಶನ್ ವಿಭಾಗವೇ ಇದೆ, ಒಮ್ಮೆ ತೋರಿಸಿ.

ಕುಂದಾಪುರದಿಂದ:

ನನ್ನದು ಬೇರೆ ತರ. ನನಗೇ ಆಗಿದ್ದು, 49ಕ್ಕೆ, ಹಿಂಭಾಗದ ಸಣ್ಣ ಮೆದುಳಿಗೆ. ಕೈಕಾಲು ಸರಿ ಇತ್ತು, ತಲೆ ತಿರುಗಿಸಿದರೆ ಲೋಕವೇ ತಿರುಗುತ್ತಿತ್ತು. ಸಂತೆಗೆ ಹೋದರೆ ಜನ ಓಡಾಡುವುದನ್ನು ನೋಡಿಯೇ ವಾಂತಿ ಬರುವ ಹಾಗೆ ಆಗೋದು. ನನಗೆ ಕೊಟ್ಟ ಥೆರಪಿಗೆ ಖರ್ಚು ಒಂದು ರಟ್ಟಿನ ಚೂರು. ಅದರ ಮೇಲೆ ‘ಅ’ ಅಂತ ದಪ್ಪಗೆ ಬರೆದು ಗೋಡೆಗೆ ಅಂಟಿಸಿ, ಕಣ್ಣು ‘ಅ’ ಬಿಟ್ಟು ಕದಲದ ಹಾಗೆ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುವುದು. ಮೊದಲು ಕೂತು, ಆಮೇಲೆ ನಿಂತು, ಆಮೇಲೆ ನಡೆಯುತ್ತಾ. ತಲೆ ಸುತ್ತುತ್ತದೆ, ಸ್ವಲ್ಪ ಸುತ್ತಬೇಕಂತೆ, ಇಲ್ಲದಿದ್ದರೆ ಮೆದುಳು ಕಲಿಯಲ್ಲ ಅಂದರು. ಈಗ ಬೈಕ್ ಓಡಿಸುವುದೊಂದನ್ನು ಬಿಟ್ಟು ಎಲ್ಲಾ ಮಾಡುತ್ತೇನೆ. ರಾತ್ರಿ ಬಚ್ಚಲಿಗೆ ಹೋಗುವಾಗ ಮಾತ್ರ ಲೈಟ್ ಬೇಕೇ ಬೇಕು, ಕತ್ತಲಲ್ಲಿ ಕಾಲಿಗೆ ನೆಲ ಎಲ್ಲಿದೆ ಅಂತ ಗೊತ್ತಾಗಲ್ಲ. ನಿಮ್ಮ ಅಪ್ಪನಿಗೂ ಒಂದು ಸಣ್ಣ ಬಲ್ಬ್ ಇಡೀ ರಾತ್ರಿ ಉರಿಯಲಿ.

ಕೇಳಿದವರು, ತಿಪಟೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಡಿಯಾರ ಬರೆಸಿದೆ. 12ರಿಂದ 6ರ ತನಕ ಬರೆದು ಪೆನ್ ಕೆಳಗಿಟ್ಟರು. ‘ಉಳಿದಿದ್ದು?’ ಅಂದರೆ ‘ಇದೆಯಲ್ಲಮ್ಮ’ ಅಂತಾರೆ. ಅಮ್ಮ ಹಾಳೆ ನೋಡಿ ಒಳಗೆ ಹೋಗಿ ಅತ್ತರು, ಇಷ್ಟು ದಿನ ಹಟ ಮಾಡ್ತಾರೆ ಅಂತ ಬೈದಿದ್ದಕ್ಕೆ. ಸರ್, ಬಲಗೈಲಿ ತಳ್ಳುತ್ತಾರೆ, ನೀವು ಹೇಳಿದ ಹಾಗೇ. ಸೆಂಟರ್‌ಗೆ ಫೋನ್ ಮಾಡಿ ಐದು ಸಿಟ್ಟಿಂಗ್ ಆದರೆ ಬರುತ್ತೇವೆ ಅಂದೆ, ಕೇಳಿ ಹೇಳುತ್ತೇವೆ ಅಂದಿದ್ದಾರೆ. ಇನ್ನೊಂದು ಡೌಟು, ಅವರ ಜೊತೆ ಮಾತಾಡುವಾಗ ಎಡಗಡೆ ಕೂರಬೇಕಾ? ಎಡಗಡೆ ಕೂತರೆ ನಾನು ಇಲ್ಲದ ಹಾಗೇ ಇರುತ್ತಾರೆ.

ಹುಬ್ಬಳ್ಳಿಯಿಂದ:

ಎದುರಿಗೆ ಕೂತು ಮಾತು ಶುರು ಮಾಡಿ, ಕಣ್ಣು ನಿಮ್ಮ ಮೇಲೆ ಬಿದ್ದ ಮೇಲೆ ಸ್ವಲ್ಪ ಸ್ವಲ್ಪ ಎಡಕ್ಕೆ ಸರಿಯಿರಿ. ಟಿವಿಯೂ ಹಾಗೇ. ಆದರೆ ನೀರಿನ ಲೋಟ, ಕರೆಯುವ ಬೆಲ್, ಮೊಬೈಲ್ ಇವೆಲ್ಲ ಬಲಗಡೆಯೇ ಇರಲಿ, ಅದರಲ್ಲಿ ಥೆರಪಿ ಬೇಡ.

ಮೈಸೂರಿನಿಂದ:

ಬಾಗಿಲ ಎಡಗಡೆ ಚೌಕಟ್ಟಿಗೂ ಕೆಂಪು ಹಚ್ಚಿ ತಂಗಿ. ಟೇಪ್ ಅಂಟಿಸಬೇಡಿ, ನಮ್ಮನೆಯಲ್ಲಿ ಒಂದೇ ವಾರಕ್ಕೆ ಕಿತ್ತು ಬಂದು ವಾಕರ್ ಕಾಲಿಗೆ ಸುತ್ತಿಕೊಂಡಿತ್ತು. ಪೇಂಟೇ ಹೊಡೆಸಿ.