ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗೆ ಯಾವ ಪದ? ನಾಳೆ ಅಚ್ಚಿಗೆ ಹೋಗಬೇಕು

ಕಲಬುರಗಿಯಿಂದ:
ನಮಸ್ಕಾರ. ಇಲ್ಲಿನ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯೊಂದು ಕೈಯಲ್ಲಿ ಹಿಡಿದು ವಿಡಿಯೊ ಗೇಮ್ ಆಡುವ ಯಂತ್ರಗಳಾದ ನಿಂಟೆಂಡೊ ಸ್ವಿಚ್, ಸ್ಟೀಮ್ ಡೆಕ್‌ಗಳ ಗುಣದೋಷ ಹೇಳುವ ಕರಪತ್ರವನ್ನು ಕನ್ನಡದಲ್ಲಿ ಹಾಕಿಸುತ್ತಿದೆ. ಅನುವಾದ ನನ್ನದು. ‘ಅಂಗೈ ಯಂತ್ರ’ ಎಂದು ಬರೆದು ಹೊಡೆದುಹಾಕಿದೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಸುಮಾರು 669 ಗ್ರಾಂ ತೂಗುತ್ತದೆ, ಏಳು ಅಂಗುಲದ ಪರದೆಯ ಎರಡೂ ಬದಿಗೆ ಉಬ್ಬಿದ ಹಿಡಿಕೆ. ಅಂಗೈಯಲ್ಲಿ ಕೂರುವ ವಸ್ತುವೇ ಅಲ್ಲ. ‘ಸ್ಟಿಕ್ ಡ್ರಿಫ್ಟ್’ಗೂ ಪದ ಬೇಕು: ಆಟ ನಡೆಸುವ ಕಡ್ಡಿಯನ್ನು (ಸ್ಟಿಕ್) ಹೆಬ್ಬೆರಳು ಮುಟ್ಟದಿದ್ದರೂ ಪರದೆಯ ಮೇಲಿನ ಪಾತ್ರ ತಾನಾಗಿ ನಡೆಯತೊಡಗುವ ದೋಷ.

ಬೀದರಿನಿಂದ:
‘ಕೈಯಾಟಿಕೆ’. ಅಚ್ಚಗನ್ನಡ, ಒಂದೇ ಪದ. ‘ಕೈ ಕನ್ಸೋಲ್’ ಎನ್ನುವವರು ಬಂದೇ ಬರುತ್ತಾರೆ, ಆದ್ದರಿಂದ ಮೊದಲೇ ಹೇಳುತ್ತೇನೆ: ಅದು ಅರಿಸಮಾಸ, ಬೇರೆ ಬೇರೆ ಭಾಷೆಯ ಪದಗಳನ್ನು ಬೆಸೆದದ್ದು. ಕುದಿಯುವ ಹಾಲಿಗೆ ಮಜ್ಜಿಗೆ ಹನಿಸಿದಂತೆ ಎಂದು ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗ ಅದನ್ನು ಎಂದೋ ತಳ್ಳಿಹಾಕಿದೆ. ಅವರ ರಾಜಧಾನಿ ಮಳಖೇಡ ಇರುವ ಜಿಲ್ಲೆಯವರೇ ಮರೆತರೆ ಹೇಗೆ?

ಯಾದಗಿರಿಯಿಂದ:
ಆಟಿಕೆ ಎಂದರೆ ಗಿಲಕಿ, ಚನ್ನಪಟ್ಟಣದ ಗೊಂಬೆ. ಸಾವಿರಾರು ರೂಪಾಯಿ ಕೊಡುವ ಗಿರಾಕಿಗೆ ಆಟಿಕೆ ಎನ್ನಬೇಡಿ. ಕವಿರಾಜಮಾರ್ಗದ ತಕರಾರು ಸಂಸ್ಕೃತ-ಕನ್ನಡ ಬೆರಕೆಯದು, ಅದನ್ನು ಇಲ್ಲಿಗೆ ಎಳೆಯುವುದು ಸಲ್ಲದು. ಕೈಪಂಪ್ ನೀರು ಕುಡಿದವರು ನಾವು. ‘ಕೈ’ ಪದದ ಹರವು ನೋಡಿ: ಕೈಗಡಿಯಾರ ಕೈಗೆ ಕಟ್ಟುವುದು, ಕೈಚೀಲ ಕೈಯಲ್ಲಿ ಒಯ್ಯುವುದು, ಕೈಮಗ್ಗ ಕೈಯಿಂದ ನಡೆಸುವುದು. ಒಯ್ಯುವುದೂ ನಡೆಸುವುದೂ ಎರಡೂ ಈ ಯಂತ್ರಕ್ಕೆ ಒಪ್ಪುತ್ತವೆ. ಕೈ ಕನ್ಸೋಲ್ ಎಂದೇ ಬರೆಯಿರಿ.

ಬೀದರಿನಿಂದ:
ಪಂಪು ಬಂದಿತೆಂದು ಬಾಗಿಲನ್ನೇ ಕಿತ್ತಿಡಬೇಕೆ? ಮೊದಲು ಉರ್ದು, ಈಗ ಇಂಗ್ಲಿಷ್. ನಮ್ಮ ಮಕ್ಕಳಿಗೆ ಪದ ಕಟ್ಟುವ ರೂಢಿಯೇ ತಪ್ಪುತ್ತಿದೆ, ನನ್ನ ಸಂಕಟ ಅದು.

ಯಾದಗಿರಿಯಿಂದ:
ದವಾಖಾನೆ, ಅರ್ಜಿ, ಕಾಗದ, ಕುರ್ಚಿ ಇಷ್ಟನ್ನೂ ಬಿಟ್ಟು ನಮ್ಮ ಮೂರು ಜಿಲ್ಲೆಗಳಲ್ಲಿ ಒಂದು ದಿನ ಮಾತನಾಡಿ ತೋರಿಸಿ. ಪದ ಕಟ್ಟಲು ನನ್ನ ವಿರೋಧವಿಲ್ಲ, ವಸ್ತುವನ್ನು ನೋಡಿ ಕಟ್ಟಬೇಕು ಅಷ್ಟೆ. ಡ್ರಿಫ್ಟ್ ಅನ್ನೇ ತೆಗೆದುಕೊಳ್ಳಿ. ಕಡ್ಡಿ ಎಷ್ಟು ವಾಲಿದೆ ಎಂದು ಅಳೆಯುವ, ಅದರ ಬುಡದ ಪೊಟೆನ್ಷಿಯೋಮೀಟರ್‌ನಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಿರುತ್ತದೆ. ಪಟ್ಟಿ ಸವೆದಂತೆ ಅಳತೆ ಕೆಡುತ್ತದೆ. ಕಡ್ಡಿ ನಡುವೆಯೇ ನಿಂತಿದ್ದರೂ ಯಂತ್ರಕ್ಕೆ ವಾಲಿದಂತೆ ಕಾಣುತ್ತದೆ. ಹಾಗಾಗಿ ‘ಜಾರಾಟ’, ‘ಸರಿತ’ ಎಂದರೆ ತಪ್ಪು, ಏಕೆಂದರೆ ಕಡ್ಡಿ ಎಲ್ಲಿಯೂ ಸರಿದಿಲ್ಲ. ‘ನೆಲೆತಪ್ಪು’ ಸರಿ. ಆಯಸ್ಕಾಂತ ಬಳಸುವ ಹಾಲ್ ಎಫೆಕ್ಟ್ ಕಡ್ಡಿಗಳಲ್ಲಿ ಈ ಉಜ್ಜಾಟವಿಲ್ಲ, ಅದನ್ನೂ ಕರಪತ್ರದಲ್ಲಿ ಸೇರಿಸಿ, ಕೊಳ್ಳುವವರಿಗೆ ಉಪಯೋಗ.

ಬೀದರಿನಿಂದ:
ನೆಲೆತಪ್ಪು ಒಳ್ಳೆಯ ಪದ. ಕನ್ಸೋಲ್ ಬಗ್ಗೆ ನನ್ನ ಮಾತು ಬದಲಾಗದು.

ಕಲಬುರಗಿಯಿಂದ:
ಕೈ ಕನ್ಸೋಲ್ ಶೀರ್ಷಿಕೆಗೆ, ನೆಲೆತಪ್ಪು ಒಂದು ಸಾಲಿನ ವಿವರಣೆಯೊಂದಿಗೆ ಒಳಗೆ. ಕೊನೆಯದಾಗಿ, ತೋರುಬೆರಳಿನಿಂದ ಒತ್ತುವ ಟ್ರಿಗರ್‌ಗೆ ಬಂದೂಕಿನ ‘ಕುದುರೆ’ಯನ್ನೇ ಬಳಸಬಹುದೇ?

ಬೀದರಿನಿಂದ:
ಧಾರಾಳವಾಗಿ. ಅಲ್ಲಿಯೂ ‘ಟ್ರಿಗರ್’ ಎಂದು ಅಚ್ಚಾದರೆ ಮತ್ತೆ ಜಗಳಕ್ಕೆ ಬರುತ್ತೇನೆ.